ಎಡವೋ ಬಲವೋ

ಅಂಗೈಗೆ ಹನ್ನೊಂದು ಹೊಲಿಗೆ ಬಿದ್ದ ಮೇಲೆಯೇ ಚೌಕಟ್ಟಿನವನು ಹೆಂಡತಿಯ ಮಾತಿಗೆ ತಲೆಯಾಡಿಸಿದ್ದು. ಫೋಟೊಗಳಿಗೆ, ಕನ್ನಡಿಗಳಿಗೆ, ಪದವಿ ಪತ್ರಗಳಿಗೆ ಮರದ ಚೌಕಟ್ಟು ಹಾಕಿಕೊಡುವ ಸಣ್ಣ ಅಂಗಡಿ ಅವನದು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅಂದು ಬೆಳಿಗ್ಗೆ ಗಾಜಿನ ಹಾಳೆಯೊಂದನ್ನು ಮೇಜಿನ ಮೇಲೆ ಮಲಗಿಸಿ ಅಳತೆಯ ಗುರುತು ಹಾಕುತ್ತಿದ್ದಾಗ ಅವನಿಗೆ ಫಿಟ್ಸ್ ಬಂತು. ಹೊಟ್ಟೆಯಿಂದ ಏನೋ ಮೇಲಕ್ಕೆದ್ದ ಹಾಗಾಯಿತು ಎನ್ನುವಷ್ಟು ಮಾತ್ರ ಅವನಿಗೆ ನೆನಪು. ಮುಂದಿನದನ್ನು ಹೇಳಿದವಳು ಕನ್ನಡಿ ಒಯ್ಯಲು ಬಂದಿದ್ದ ಗಿರಾಕಿ. ಕಣ್ಣು ಒಂದೇ ಕಡೆ ನೆಟ್ಟು ನಿಂತವನು, ಗಾಜಿನ ಅಂಚನ್ನು ಬಟ್ಟೆಯ ಅಂಚೇನೋ ಎಂಬಂತೆ ಎಡಗೈಯಿಂದ ಸವರುತ್ತಲೇ ಇದ್ದನಂತೆ. ರಕ್ತ ಮೇಜಿನಿಂದ ನೆಲಕ್ಕೆ ಇಳಿಯುತ್ತಿದ್ದರೂ ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲವಂತೆ.

ಇಪ್ಪತ್ತಮೂರನೆಯ ವಯಸ್ಸಿಗೆ ಶುರುವಾದ ಕಾಯಿಲೆ ಅದು. ಕೈ ಕೊಯ್ದುಕೊಂಡಾಗ ಅವನಿಗೆ ನಲವತ್ತೊಂದು. ಅವನು ಬೀಳುತ್ತಿರಲಿಲ್ಲ, ನೊರೆ ಕಾರುತ್ತಿರಲಿಲ್ಲ. ಒಂದು ನಿಮಿಷ ಇದ್ದಲ್ಲೇ ಇಲ್ಲವಾಗುತ್ತಿದ್ದ, ಅಷ್ಟೆ. ವಾರಕ್ಕೊಮ್ಮೆಯೋ ಎರಡು ಬಾರಿಯೋ ಬರುತ್ತಿತ್ತು. ಮೂರು ಬಗೆಯ ಮಾತ್ರೆ ನುಂಗಿದರೂ ಅದು ಜಗ್ಗಿರಲಿಲ್ಲ. ಮದುವೆಗೆ ಮುಂಚೆಯೇ ಅವನು ಇದನ್ನು ಹೆಂಡತಿಗೆ ಹೇಳಿದ್ದ. "ನಡುನಡುವೆ ನಾನು ಮನೇಲಿರಲ್ಲ. ಬಾಗಿಲು ಹಾಕಿಕೊಂಡು ಒಂದು ನಿಮಿಷ ಕಾಯ್ತಾ ಇರು, ವಾಪಸ್ ಬರ್ತೀನಿ" ಎಂದು ನಕ್ಕಿದ್ದ. ಅವಳು ಕಾಯುತ್ತ ಹದಿನೈದು ವರ್ಷ ಕಳೆದಿದ್ದಳು.

ಅವಳಿಗೆ ಅಂಚೆ ಕಚೇರಿಯ ವಿಂಗಡಣೆ ವಿಭಾಗದಲ್ಲಿ ಕೆಲಸ. ಅರ್ಧ ಅಳಿಸಿದ ವಿಳಾಸವನ್ನೂ ಓದಿ ಸರಿಯಾದ ಗೂಡಿಗೆ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಗಂಡ ಅವಳನ್ನು ಅಂಚೆಯಮ್ಮ ಎಂದೇ ಛೇಡಿಸುತ್ತಿದ್ದ. "ದೊಡ್ಡಾಸ್ಪತ್ರೆಗೆ ಹೋಗೋಣ ರೀ, ಇನ್ನೊಂದು ಸಲ ತೋರಿಸೋಣ" ಎಂದು ಅವಳು ವರ್ಷಗಟ್ಟಲೆ ಹೇಳಿದ್ದಳು. ಪ್ರತಿಸಲವೂ ಅವನದು ಒಂದೇ ಉತ್ತರ: "ಎಲ್ಲಾ ನಾರ್ಮಲ್ ಅಂತ ಬರೆದುಕೊಟ್ಟಿದ್ದಾರಲ್ಲ." ಈ ಸಲ ಕೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಕೂತವನು, ಹಳೆಯ ಫಿಲ್ಮುಗಳ ಕಟ್ಟು ಎಲ್ಲಿದೆ ಎಂದು ಕೇಳಿದ.

ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಅವರನ್ನು ನೋಡಿದ ಡಾಕ್ಟರಮ್ಮ ಐವತ್ತು ದಾಟಿದವರು. ತಲೆಗೂದಲು ಗಿಡ್ಡಕ್ಕೆ ಕತ್ತರಿಸಿದ್ದರು. ಹಳೆಯ ಫಿಲ್ಮುಗಳನ್ನು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಒಂದೊಂದನ್ನೂ ನಿಧಾನವಾಗಿ ನೋಡಿದರು. ಹದಿನೆಂಟು ವರ್ಷದ ಹಿಂದಿನದು ಸಿಟಿ ಸ್ಕ್ಯಾನ್. ಎಂಟು ವರ್ಷದ ಹಿಂದಿನದು ಎಂಆರ್‌ಐ.

"ಎರಡೂ ನಾರ್ಮಲ್ ಅಂದ್ರು" ಎಂದ ಚೌಕಟ್ಟಿನವನು.

"ಸಿಟಿ ಅನ್ನೋದು ಅವಸರದ ಕಣ್ಣು. ರಕ್ತ ಸೋರಿದೆಯಾ, ಮೂಳೆ ಮುರಿದಿದೆಯಾ, ದೊಡ್ಡ ಗೆಡ್ಡೆ ಇದೆಯಾ, ಐದು ನಿಮಿಷದಲ್ಲಿ ಹೇಳಿಬಿಡುತ್ತೆ. ಮೊದಲ ಸಲ ಫಿಟ್ಸ್ ಬಂದ ದಿನ ಅದೇ ಬೇಕಿತ್ತು. ಮೆದುಳಿನೊಳಗೆ ಒಂದು ಸಣ್ಣ ಹಳೇ ಗಾಯದ ಕಲೆ ಇದ್ರೆ ಅದಕ್ಕೆ ಕಾಣಲ್ಲ."

"ಮತ್ತೆ ಎಂಆರ್‌ಐ?" ಎಂದು ಹೆಂಡತಿ ಕೇಳಿದಳು.

"ಅದಕ್ಕೆ ಕಾಣುತ್ತೆ. ಆದ್ರೆ ನಾವು ಹೇಗೆ ತೆಗೀತೀವಿ ಅನ್ನೋದು ಮುಖ್ಯ. ಒಂದು ಬ್ರೆಡ್ಡಿನೊಳಗೆ ಒಂದೇ ಒಂದು ಸಾಸಿವೆ ಕಾಳು ಇದೆ ಅಂತಿಟ್ಕೊಳ್ಳಿ. ದಪ್ಪ ದಪ್ಪ ಹೋಳು ಮಾಡಿದ್ರೆ ಅದು ನಡುವೆ ಎಲ್ಲೋ ಉಳಿದುಬಿಡುತ್ತೆ. ಇದು ದಪ್ಪ ಹೋಳಿನ ಎಂಆರ್‌ಐ. ಫಿಟ್ಸಿಗೆ ಅಂತಲೇ ಬೇರೆ ಕ್ರಮ ಇದೆ. ಒಂದು ಮಿಲಿಮೀಟರಿನ ತೆಳು ಹೋಳು, ಹೋಳು ಮಾಡೋ ಕೋನವೂ ಬೇರೆ."

"ಅಂದ್ರೆ ಎಂಟು ವರ್ಷ ನಾನು ನಾರ್ಮಲ್ ಆಗಿದ್ದದ್ದು ಚಾಕು ಮೊಂಡಾಗಿದ್ದಕ್ಕೆ" ಎಂದ ಅವನು. ಡಾಕ್ಟರಮ್ಮ ನಕ್ಕರು. ಅವರಿಬ್ಬರು ಏಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದರು. "ಚಿಕ್ಕವರಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತಾ?"

"ಇಲ್ಲ" ಎಂದ. ಅಂಥದ್ದೇನನ್ನೂ ಮನೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ.

ಹೊಸ ಎಂಆರ್‌ಐ ಮುಕ್ಕಾಲು ಗಂಟೆ ಹಿಡಿಯಿತು. ವಾರದ ನಂತರ ವರದಿ ಬಂತು. ಬಲಗಡೆ, ಕಿವಿಯ ಮೇಲ್ಭಾಗದ ಮೆದುಳಿನ ತುದಿಯಲ್ಲಿ, ಕಡಲೆಕಾಳಿನಷ್ಟು ದೊಡ್ಡ ನೀರಿನ ಗುಳ್ಳೆಯೊಂದಿದೆ, ಉಳಿದದ್ದೆಲ್ಲ ಸರಿಯಾಗಿದೆ.

ಅಂದು ಮನೆಯಲ್ಲಿ ಒಂದು ಬಗೆಯ ಸಂಭ್ರಮ. ಗಂಡನ ಅಕ್ಕ ಸುದ್ದಿ ಕೇಳಿ ಓಡಿಬಂದಳು. ತಾಯಿ ತೀರಿದ ಮೇಲೆ ತಮ್ಮನನ್ನು ಬೆಳೆಸಿದವಳು ಅವಳೇ. ತನ್ನ ಮನೆ ಎರಡು ಬೀದಿ ಆಚೆ ಇದ್ದರೂ ಜೀವವೆಲ್ಲ ಇಲ್ಲೇ. "ಅಂತೂ ಸಿಕ್ತಲ್ಲ" ಎಂದು ತಮ್ಮನ ತಲೆ ನೇವರಿಸಿದಳು. "ಬಲಗಡೆ ಆದ್ರೆ ಒಳ್ಳೇದು ಕಣೋ. ಮಾತು ಇರೋದು ಎಡಗಡೆ ಅಂತೆ. ನಮ್ಮ ಪಕ್ಕದ ಮನೆ ನರ್ಸ್ ಹೇಳಿದ್ಲು."

"ಹಾಗಾದ್ರೆ ಆಪರೇಷನ್ ಮಾಡಿಸಿ ತೆಗೆಸಿಬಿಡೋಣ" ಎಂದ ಅವನೂ. "ಮಾತು ಹೋದ್ರೆ ನನ್ನ ಅಂಗಡೀಲಿ ಮರದ ಪಟ್ಟಿ ಬಿಟ್ಟು ಬೇರೇನೂ ಉಳಿಯಲ್ಲ."

ಅದು ನಿಜವೇ. ಗಿರಾಕಿಗಳು ಬರುತ್ತಿದ್ದದ್ದು ಅರ್ಧ ಚೌಕಟ್ಟಿಗೆ, ಅರ್ಧ ಅವನ ಮಾತಿಗೆ.

ಆದರೆ ಡಾಕ್ಟರಮ್ಮನ ಮುಖದಲ್ಲಿ ಆ ಸಂಭ್ರಮ ಕಾಣಲಿಲ್ಲ. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗಬಾರದು. ಇಂಥ ಗುಳ್ಳೆ ಎಷ್ಟೋ ಜನರ ತಲೇಲಿ ಹುಟ್ಟಿನಿಂದ ಇರುತ್ತೆ. ಅದರ ಪಾಡಿಗೆ ಅದು ಇರುತ್ತೆ, ಅವರ ಪಾಡಿಗೆ ಅವರು. ಕಂಡದ್ದೇ ಕಾರಣ ಅಂತ ಹೇಳಕ್ಕಾಗಲ್ಲ" ಎಂದವರು ಹೆಂಡತಿಯ ಕಡೆ ತಿರುಗಿದರು. "ನೀವು ಇವರ ಫಿಟ್ಸ್ ಎಷ್ಟು ಸಲ ನೋಡಿದ್ದೀರಿ?"

"ಐನೂರಕ್ಕೂ ಮೇಲಿರಬೇಕು."

"ಹಾಗಾದ್ರೆ ನನಗಿಂತ ನೀವೇ ತಜ್ಞರು. ಮಾಡಿ ತೋರಿಸ್ತೀರಾ?"

ಅವಳಿಗೆ ನಾಚಿಕೆಯಾಯಿತು. ಗಂಡನ ಮುಖ ನೋಡಿದಳು. ಅವನು, "ತೋರಿಸು, ನಾನೂ ಒಂದು ಸಲ ನೋಡ್ತೀನಿ" ಎಂದ. ಹದಿನೆಂಟು ವರ್ಷದಲ್ಲಿ ಅವನು ಅದನ್ನು ಕಂಡವನೇ ಅಲ್ಲ. ಅವಳು ಎದ್ದು ಕೋಣೆಯ ನಡುವೆ ನಿಂತಳು. ಕಣ್ಣನ್ನು ಗೋಡೆಗೆ ನೆಟ್ಟಳು. ಏನೋ ಜಗಿಯುವವಳಂತೆ ತುಟಿ ಆಡಿಸಿದಳು. ಎಡಗೈ ಅಂಗಿಯ ಗುಂಡಿಯನ್ನು ಹುಡುಕಿ ತಿರುವುತ್ತ ಹೋಯಿತು. ಬಲಗೈ ಮಾತ್ರ ಮೊಣಕೈಯಲ್ಲಿ ಮಡಚಿ, ಮಣಿಕಟ್ಟು ಒಳಕ್ಕೆ ತಿರುಚಿ, ಕೊರಡಿನ ಹಾಗೆ ನಿಂತಿತು.

"ಯಾವಾಗಲೂ ಬಲಗೈಯೇನಾ?"

"ಯಾವಾಗಲೂ. ಆಮೇಲೆ ಎಚ್ಚರ ಆದ್ರೂ ಐದಾರು ನಿಮಿಷ ಮಾತು ಸಿಗಲ್ಲ. ಸುತ್ತಿಗೆ ತೋರಿಸಿದ್ರೆ 'ಅದು, ಬಡಿಯೋದು' ಅಂತಾರೆ. ನನ್ನ ಹೆಸರೂ ಬರಲ್ಲ. ಅಂಚೆಯಮ್ಮ ಅಂತ ಕರೆದ್ರೆ ಪೂರ್ತಿ ಬಂದ್ರು ಅಂತ ಲೆಕ್ಕ."

ಡಾಕ್ಟರಮ್ಮ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟು ಹೇಳಿದರು. "ಬಲಗೈಯನ್ನ ಆಳೋದು ಎಡ ಮೆದುಳು. ಮಾತನ್ನೂ ಸಾಮಾನ್ಯವಾಗಿ ಅದೇ. ನೀವು ತೋರಿಸಿದ್ದು ಎಡಗಡೆಯ ಫಿಟ್ಸು. ಚಿತ್ರ ಬಲ ಅಂತಿದೆ, ಮೈ ಎಡ ಅಂತಿದೆ. ಇಬ್ಬರು ಸಾಕ್ಷಿಗಳ ಮಾತು ಹೊಂದದೇ ಇದ್ದಾಗ ಮೂರನೆಯವರನ್ನ ಕರೀಬೇಕು."

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಆಚೆಯೇ ನೋಡುತ್ತಿದ್ದಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಬಲಗಡೆಗೇ ಮುಗಿಯುತ್ತಿತ್ತೇನೋ. ತನ್ನ ಮಾತೇ ಚಾಕುವಿನ ದಾರಿಯನ್ನು ಗಂಡನ ಮಾತಿನ ಕಡೆಗೆ ತಿರುಗಿಸಿತಲ್ಲ ಎಂಬ ಯೋಚನೆ ಅವಳನ್ನು ಚುಚ್ಚುತ್ತಿತ್ತು.

"ನೀನು ನಟಿಸಿದ್ದು ಚೆನ್ನಾಗಿತ್ತು" ಎಂದ ಅವನು. ಆಮೇಲೆ ಮೆಲ್ಲಗೆ, "ನಾನು ಅಷ್ಟು ವಿಚಿತ್ರವಾಗಿ ಕಾಣ್ತೀನಾ?"

"ವಿಚಿತ್ರ ಅಲ್ಲ. ದೂರ ಕಾಣ್ತೀರಿ" ಎಂದಳು.

ಮೂರನೆಯ ಸಾಕ್ಷಿಗಾಗಿ ಅವನನ್ನು ಆಸ್ಪತ್ರೆಯಲ್ಲಿ ಮಲಗಿಸಿದರು. ತಲೆಗೆ ಇಪ್ಪತ್ತೈದು ತಂತಿ ಅಂಟಿಸಿ, ಮೇಲೆ ಪಟ್ಟಿ ಸುತ್ತಿ, ಹಾಸಿಗೆಯ ಎದುರು ಕ್ಯಾಮೆರಾ ಇಟ್ಟರು. ಫಿಟ್ಸ್ ಬರಲೆಂದೇ ಮಾತ್ರೆ ತಗ್ಗಿಸಿದರು. ಪಕ್ಕದಲ್ಲಿ ನರ್ಸ್ ಒಬ್ಬಳು ಸಿರಿಂಜಿನಲ್ಲಿ ಔಷಧಿ ತುಂಬಿ ಕಾದಿದ್ದಳು. ಫಿಟ್ಸ್ ಶುರುವಾದ ಕೂಡಲೇ ಅದನ್ನು ರಕ್ತಕ್ಕೆ ಕೊಟ್ಟರೆ, ಆ ಗಳಿಗೆಯಲ್ಲಿ ಮೆದುಳಿನ ಯಾವ ಭಾಗಕ್ಕೆ ರಕ್ತ ನುಗ್ಗಿತೋ ಅಲ್ಲಿ ಔಷಧಿ ಹಿಡಿದು ನಿಲ್ಲುತ್ತದೆ. ಫಿಟ್ಸ್ ಮುಗಿದ ಮೇಲೆ ಸಾವಕಾಶವಾಗಿ ಚಿತ್ರ ತೆಗೆಯಬಹುದು. ಅದಕ್ಕೆ ಸ್ಪೆಕ್ಟ್ ಎಂದು ಹೆಸರು.

ಮೂರು ದಿನ ಏನೂ ಬರಲಿಲ್ಲ. "ಬೇಡ ಅಂದಾಗ ಬರುತ್ತೆ, ಕರೆದ್ರೆ ಬರಲ್ಲ. ಅಪ್ಪಟ ನೆಂಟ" ಎಂದು ಅವನು ನರ್ಸಿಗೆ ಹೇಳಿ ನಗಿಸಿದ. ನಾಲ್ಕನೆಯ ದಿನ ಮಧ್ಯಾಹ್ನ ಹೆಂಡತಿ ಕಿತ್ತಳೆ ಸುಲಿಯುತ್ತಿದ್ದಳು. ಅವನು ಮಾತಿನ ನಡುವೆ ಒಂದು ಗುಟುಕು ನುಂಗಿದ. ಬೇರೆ ಯಾರಿಗೂ ಅದು ಏನೂ ಅಲ್ಲ. "ಬಂತು" ಎಂದಳು ಅವಳು, ಶಾಂತವಾಗಿಯೇ. ಅವನ ಕಣ್ಣು ನೆಟ್ಟುಕೊಳ್ಳುವ ಮೊದಲೇ ನರ್ಸಿನ ಸಿರಿಂಜು ಖಾಲಿಯಾಗಿತ್ತು. ನರ್ಸ್ ಗಡಿಯಾರ ನೋಡಿ, "ಎಂಟು ಸೆಕೆಂಡು. ನಮ್ಮ ವಾರ್ಡಲ್ಲಿ ಇಷ್ಟು ಬೇಗ ಯಾರೂ ಕೊಟ್ಟಿಲ್ಲಮ್ಮ" ಎಂದಳು.

ಮರುವಾರ, ಅವನು ಇನ್ನೂ ವಾರ್ಡಿನಲ್ಲೇ ಇದ್ದಾಗ, ಪೆಟ್ ಸ್ಕ್ಯಾನ್ ಆಯಿತು. ಅದರಲ್ಲಿ ಕೊಡುವುದು ಯಂತ್ರಕ್ಕೆ ಕಾಣುವಂತೆ ಗುರುತು ಹಚ್ಚಿದ ಸಕ್ಕರೆ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಮೆದುಳಿನ ರೋಗದ ಜಾಗ ಜಡವಾಗಿ ಬಿದ್ದಿರುತ್ತದೆ, ಸಕ್ಕರೆಯನ್ನೂ ಕಡಿಮೆ ತಿನ್ನುತ್ತದೆ. ಚಿತ್ರದಲ್ಲಿ ಅದು ಮಂಕಾಗಿ ಕಾಣಿಸುತ್ತದೆ.

ಡಾಕ್ಟರಮ್ಮ ಎಲ್ಲವನ್ನೂ ಹರಡಿಕೊಂಡು ಕೂತು ಗಂಡ ಹೆಂಡತಿಗೆ ವಿವರಿಸಿದರು. ಸ್ಪೆಕ್ಟ್‌ನಲ್ಲಿ ಎಡಗಡೆ ಕೆಂಪಗೆ ಉರಿದಿತ್ತು. ಪೆಟ್‌ನಲ್ಲಿ ಅದೇ ಎಡಗಡೆ ಮಂಕಾಗಿತ್ತು, ಆದರೆ ಮಂಕು ಅಂಗೈಯಗಲಕ್ಕೆ ಹರಡಿತ್ತು. ತಂತಿಗಳು ಹಿಡಿದ ಮೂರು ಫಿಟ್ಸುಗಳಲ್ಲಿ ಎರಡು ಎಡಗಡೆಯಿಂದ ಹೊರಟಿದ್ದವು. ಮೂರನೆಯದು ಕ್ಷಣದಲ್ಲೇ ಎರಡೂ ಕಡೆ ಹರಡಿ ಗೊಂದಲವಾಗಿತ್ತು.

"ಎಡ ಅನ್ನೋದು ಹೆಚ್ಚುಕಡಿಮೆ ಖಚಿತ" ಎಂದರು. "ಆದ್ರೆ ಎಡಗಡೆ ಎಂಆರ್‌ಐಲಿ ಏನೂ ಕಾಣ್ತಿಲ್ಲ. ಬೆಂಕಿ ಇರೋ ಬೀದಿ ಗೊತ್ತು, ಮನೆ ಗೊತ್ತಿಲ್ಲ. ಬೀದಿ ಪೂರ್ತಿ ಕೆಡವೋಕಾಗುತ್ತಾ? ಮನೆ ಸಿಗದೇ ಇದ್ರೆ ತಲೆಬುರುಡೆ ತೂತು ಮಾಡಿ ಒಳಗೇ ತಂತಿ ಇಳಿಸಿ ಹುಡುಕಬೇಕಾಗುತ್ತೆ. ಅದಕ್ಕೇ ಮತ್ತೆ ಕೇಳ್ತೀನಿ. ಚಿಕ್ಕಂದಿನ ಜ್ವರ, ಪೆಟ್ಟು, ಏನಾದ್ರೂ? ಮನೇಲಿ ಹಿರಿಯರನ್ನ ವಿಚಾರಿಸಿ."

ಮನೆಯ ಹಿರಿಯಳೆಂದರೆ ಅಕ್ಕ ಒಬ್ಬಳೇ. ಅವಳು ಆಗ ಊಟದ ಡಬ್ಬಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು ಡಾಕ್ಟರಮ್ಮನ ಪ್ರಶ್ನೆಯನ್ನು ಹೇಳಿದಳು. ತಲೆಬುರುಡೆಯ ತೂತಿನ ಮಾತನ್ನೂ ಮುಚ್ಚಿಡಲಿಲ್ಲ.

ಅಕ್ಕ ಡಬ್ಬಿಯ ಮುಚ್ಚಳವನ್ನು ತೆಗೆದಳು, ಹಾಕಿದಳು. "ಅವನಿಗೆ ಒಂದೂವರೆ ವರ್ಷ" ಎಂದಳು ಕೊನೆಗೆ. "ನನಗೆ ಹನ್ನೆರಡು. ಅಮ್ಮ ಕೆಲಸಕ್ಕೆ ಹೋಗಿದ್ರು. ಮೈ ಸುಡ್ತಾ ಇತ್ತು ಮಗೂಗೆ. ಒದ್ದೆ ಬಟ್ಟೆ ಹಾಕ್ತಾ ಇರು ಅಂತ ಹೇಳಿ ಹೋಗಿದ್ರು. ನಾನು ಬೀದೀಲಿ ಆಡೋಕೆ ಹೋದೆ. ಸ್ವಲ್ಪ ಹೊತ್ತು ಅಷ್ಟೇ ಅಂತ. ವಾಪಸ್ ಬಂದಾಗ ಕೈಕಾಲು ಅದುರ್ತಾ ಇತ್ತು, ಕಣ್ಣು ಮೇಲಕ್ಕೆ ಸಿಕ್ಕೊಂಡಿತ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಅಲ್ಲಿಗೆ ಮುಟ್ಟಿದ ಮೇಲೂ ನಿಂತಿರಲಿಲ್ಲ."

"ಎಷ್ಟು ಹೊತ್ತು, ಅಕ್ಕ?"

"ಅರ್ಧ ಗಂಟೆ ಮೇಲೇ. ಅಮ್ಮ ಆಮೇಲೆ ಹೇಳಿದ್ರು, ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ, ನಾಳೆ ಇವನಿಗೆ ಹೆಣ್ಣು ಕೊಡೋರು ಯಾರು ಅಂತ. ಅಮ್ಮ ಹೋದ ಮೇಲೆ ಹೇಳಬಹುದಿತ್ತು. ಆದ್ರೆ ಹೇಳಿದ್ರೆ ಆಡೋಕೆ ಹೋಗಿದ್ದೂ ಹೇಳಬೇಕಲ್ಲ." ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಸವೆದು ನುಣ್ಣಗಾಗಿತ್ತು.

ತಮ್ಮನ ಹೆಂಡತಿಗೆ ಮೊದಲು ಸಿಟ್ಟು ಬಂತು. ಆಮೇಲೆ ಹನ್ನೆರಡರ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಂಡು ಓಡುತ್ತಿರುವುದು ಕಣ್ಣಿಗೆ ಕಟ್ಟಿತು. ಅವಳು ಡಬ್ಬಿಯನ್ನು ಅಕ್ಕನ ಕೈಯಿಂದ ತೆಗೆದು ಬೆಂಚಿನ ಮೇಲಿಟ್ಟು, "ಬನ್ನಿ, ಒಳಗೆ ಹೋಗಿ ಹೇಳೋಣ" ಎಂದಳು.

ಡಾಕ್ಟರಮ್ಮ ಅಕ್ಕನನ್ನು ಬೈಯಲಿಲ್ಲ. "ಮನೇಲೇ ಕೂತಿದ್ರೂ ಆ ಫಿಟ್ಸ್ ಬರೋದು ತಪ್ತಿರಲಿಲ್ಲಮ್ಮ. ಒದ್ದೆ ಬಟ್ಟೆ ಅದನ್ನ ತಡೆಯಲ್ಲ" ಎಂದಷ್ಟೇ ಹೇಳಿ ಸ್ಕ್ಯಾನ್ ವಿಭಾಗಕ್ಕೆ ಫೋನ್ ಮಾಡಿದರು.

ಮರುದಿನ ಸಂಜೆ ಅಪರಿಚಿತರೊಬ್ಬರು ವಾರ್ಡಿಗೆ ಬಂದು ಚೌಕಟ್ಟಿನವನ ಹಾಸಿಗೆ ಹುಡುಕಿದರು. ದಪ್ಪ ಕನ್ನಡಕ, ಸ್ವೆಟರು, ಕೈಯಲ್ಲಿ ದೊಡ್ಡ ಲಕೋಟೆ. ನೆಲಮಾಳಿಗೆಯ ಕತ್ತಲ ಕೋಣೆಯಲ್ಲಿ ಚಿತ್ರಗಳನ್ನು ಓದುವ ಸ್ಕ್ಯಾನ್ ಡಾಕ್ಟರು ಅವರು. ರೋಗಿಗಳಿಗೆ ಅವರ ಸಹಿ ಗೊತ್ತಿರುತ್ತದೆಯೇ ಹೊರತು ಮುಖ ಗೊತ್ತಿರುವುದಿಲ್ಲ.

"ನಿಮ್ಮ ಎಂಆರ್‌ಐ ವರದಿ ಬರೆದವನು ನಾನೇ" ಎಂದರು. "ಅದು ತಪ್ಪಾಗಿತ್ತು. ಅದನ್ನ ನಾನೇ ಬಂದು ಹೇಳಬೇಕು ಅನ್ನಿಸ್ತು."

ಅವರು ಲಕೋಟೆಯಿಂದ ಒಂದು ಹಾಳೆ ತೆಗೆದು ಹಾಸಿಗೆಯ ಮೇಲಿಟ್ಟರು. ಮೆದುಳಿನ ಎರಡೂ ಪಕ್ಕ, ಒಳಗೆ ಆಳದಲ್ಲಿ, ಕಡಲಕುದುರೆಯ ಬಾಲದ ಹಾಗೆ ಸುರುಳಿಯಾದ ಒಂದೊಂದು ಸಣ್ಣ ಭಾಗಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. "ನೆನಪಿನ ಕೆಲಸ ಮಾಡೋ ಜಾಗ ಇದು. ಬಲದ್ದು ನೋಡಿ, ತುಂಬಿಕೊಂಡಿದೆ. ಎಡದ್ದು ಸೊರಗಿದೆ, ಸ್ವಲ್ಪ ಬೆಳ್ಳಗೂ ಇದೆ. ಚಿಕ್ಕಂದಿನ ಜ್ವರದ ಫಿಟ್ಸಿನ ಕಥೆ ಕೇಳಿದ ಮೇಲೆ ಮತ್ತೆ ಕೂತು ಅಳೆದೆ. ಕಾಲುಭಾಗ ಚಿಕ್ಕದು."

"ಮೊದಲು ಕಾಣಲಿಲ್ವಾ?" ಎಂದಳು ಹೆಂಡತಿ. ಕೇಳಿದ್ದರಲ್ಲಿ ದೂರು ಇರಲಿಲ್ಲ. ವಿಳಾಸ ಓದುವವಳ ಕುತೂಹಲವಿತ್ತು.

"ಬಲಗಡೆ ಗುಳ್ಳೆ ಕಣ್ಣಿಗೆ ಬಿತ್ತು. ಕಳ್ಳ ಸಿಕ್ಕಿದ ಅಂತ ಕಣ್ಣು ಅಲ್ಲೇ ಕೂತುಬಿಟ್ಟಿತು. ಮೂವತ್ತು ವರ್ಷದಿಂದ ಇದನ್ನೇ ಮಾಡ್ತಿದ್ದೀನಿ. ಒಂದು ಸಿಕ್ಕಿದ ಮೇಲೂ ಹುಡುಕ್ತಾ ಇರು ಅಂತ ಚಿಕ್ಕ ಡಾಕ್ಟರುಗಳಿಗೆ ನಾನೇ ಪಾಠ ಹೇಳ್ತೀನಿ." ಅವರು ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿಕೊಂಡರು.

ಚೌಕಟ್ಟಿನವನು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಅಂತೂ ಮನೆ ಸಿಕ್ತು" ಎಂದ. "ನೀವು ಬಂದು ಹೇಳಿದ್ದು ದೊಡ್ಡ ಮಾತು, ಸಾರ್. ನಾನಾಗಿದ್ರೆ ಅಳತೆ ತಪ್ಪಿದ ಚೌಕಟ್ಟನ್ನ ಹಿಂಬದಿಗೆ ಕಾಗದ ಅಂಟಿಸಿ ಕೊಟ್ಟುಬಿಡ್ತಿದ್ದೆ."

ಮುಂದಿನದು ನಿರ್ಧಾರ. ಶಸ್ತ್ರಚಿಕಿತ್ಸೆ ಮಾಡಿದರೆ ನೂರರಲ್ಲಿ ಅರವತ್ತೆಪ್ಪತ್ತು ಜನಕ್ಕೆ ಫಿಟ್ಸ್ ನಿಲ್ಲುತ್ತದೆ, ಆದರೆ ಎಡಗಡೆಯಾದ್ದರಿಂದ ಹೆಸರುಗಳು ಬೇಗ ನಾಲಿಗೆಗೆ ಬರದೆ ಹೋಗುವ ಅಪಾಯ ಮೂರರಲ್ಲಿ ಒಬ್ಬರಿಗಾದರೂ ಇದೆ ಎಂದರು ಡಾಕ್ಟರಮ್ಮ. ಮಾತಿನ ಜಾಗ ಎಲ್ಲಿದೆಯೆಂದು ಮೊದಲೇ ತಿಳಿಯಲು ಅವನನ್ನು ಮತ್ತೆ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಚಿತ್ರಗಳನ್ನು ತೋರಿಸುತ್ತ ಮನಸ್ಸಿನಲ್ಲೇ ಹೆಸರು ಹೇಳಿಕೊಳ್ಳಲು ಹೇಳಿದರು. ಮಾತು ಎಡಗಡೆಯೇ ಇತ್ತು, ಆದರೆ ಸೊರಗಿದ ಭಾಗದಿಂದ ಎರಡು ಬೆರಳಿನಷ್ಟು ದೂರ.

ಆ ಭಾನುವಾರ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಬಲಗೈ ವಿಷಯ ನಾನು ಹೇಳಬಾರದಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ."

"ಹೇಳದೇ ಇದ್ದಿದ್ರೆ ಬಲಗಡೆ ಕೊಯ್ದು, ಹೊಲಿಗೆ ಹಾಕಿ ಕಳಿಸ್ತಿದ್ರು. ವಾರಕ್ಕೆ ನೆಂಟ ಮತ್ತೆ ಹಾಜರ್" ಎಂದ ಅವನು. ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕಕ್ಕೆ ಬಂದು ನಿಂತ. "ಮಾಡಿಸಿಕೊಳ್ತೀನಿ. ಒಂದಷ್ಟು ಹೆಸರು ಹೋದ್ರೆ ಹೋಗಲಿ. ವಾರಕ್ಕೆರಡು ಸಲ ಎಲ್ಲಾ ಹೆಸರೂ ಹೋಗ್ತಿತ್ತಲ್ಲ."

ಅಕ್ಕ ಮಾತ್ರ ಒಂದು ವಾರ ಈ ಕಡೆ ಬರಲಿಲ್ಲ. ಅವನೇ ಎರಡು ಬೀದಿ ದಾಟಿ ಅವಳ ಮನೆಗೆ ಹೋದ. ಅಲ್ಲಿ ಅವರಿಬ್ಬರು ಏನು ಮಾತಾಡಿದರೋ ಹೆಂಡತಿ ಕೇಳಲಿಲ್ಲ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲೇ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು.

ಐದು ಗಂಟೆ ಹಿಡಿಯಿತು. ಎರಡನೆಯ ದಿನ ಡಾಕ್ಟರಮ್ಮ ಚಿತ್ರದ ಕಾರ್ಡುಗಳನ್ನು ತಂದು ಒಂದೊಂದಾಗಿ ತೋರಿಸಿದರು. ಕುರ್ಚಿ ಎಂದ, ಕೊಡೆ ಎಂದ, ಕತ್ತರಿ ಎಂದ. ಏಣಿಗೆ ತಡವರಿಸಿದ. "ಹತ್ತೋದು... ಗೋಡೆಗೆ ಒರಗಿಸ್ತೀವಲ್ಲ" ಎಂದು ಕೈಯಲ್ಲೇ ಮೆಟ್ಟಿಲು ಬರೆದು ತೋರಿಸಿದ. ಹಾಸಿಗೆಯ ಕೊನೆಯಲ್ಲಿ ನಿಂತಿದ್ದ ಹೆಂಡತಿಯ ನಾಲಿಗೆಯ ತುದಿಯಲ್ಲಿ ಆ ಪದ ಇತ್ತು. ಅವಳು ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ "ಏಣಿ" ಎಂದ.

ಅಂಗಡಿಗೆ ಅವನು ಮೂರು ತಿಂಗಳ ನಂತರ ಮರಳಿದ. ಮಾತು ಮೊದಲಿನಷ್ಟು ಚುರುಕಿಲ್ಲ. ಮರದ ಜಾತಿಗಳ ಹೆಸರು, ದೂರದ ನೆಂಟರ ಹೆಸರು ಆಗಾಗ ತಪ್ಪಿಸಿಕೊಳ್ಳುತ್ತವೆ. ಅಂಥ ಹೊತ್ತಿನಲ್ಲಿ ಅವನು ಅದನ್ನು ಸುತ್ತು ಬಳಸಿ ವರ್ಣಿಸುತ್ತಾನೆ. ಕೆಲವು ಗಿರಾಕಿಗಳಿಗೆ ಆ ವರ್ಣನೆಯೇ ಹೆಚ್ಚು ಇಷ್ಟ. ಮಾತ್ರೆಗಳು ಮೂರರಿಂದ ಒಂದಕ್ಕೆ ಇಳಿದಿವೆ. ಎರಡು ವರ್ಷ ಎರಡು ತಿಂಗಳಾಯಿತು, ಫಿಟ್ಸ್ ಬಂದಿಲ್ಲ. ಇನ್ನೆಂದೂ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿಲ್ಲ, ಇವರೂ ಕೇಳಿಲ್ಲ.

ಮೊನ್ನೆ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಡಲು ಜಡೆ ಹೆಣೆಯುತ್ತಿದ್ದಳು. ಅವನು ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಮದುವೆಯಾದಾಗಿನಿಂದ ಅವನು ಸ್ನಾನಕ್ಕೆ ಹೋದಾಗ ಅವಳು ಆ ಸದ್ದನ್ನು ಕೇಳಿರಲಿಲ್ಲ. ಸ್ನಾನದ ಮನೆಯ ಬಾಗಿಲನ್ನು ಅವನು ಯಾವಾಗಲೂ ಓರೆ ಮಾಡಿಯೇ ಇಡಬೇಕಾಗಿತ್ತು, ಅವಳು ಆಚೆ ನಿಂತು ನೀರಿನ ಸದ್ದಿಗೆ ಕಿವಿಗೊಟ್ಟಿರಬೇಕಾಗಿತ್ತು. ಜಡೆ ಹಿಡಿದ ಕೈ ಒಂದು ಗಳಿಗೆ ನಿಂತಿತು. ಬಾಗಿಲ ಹತ್ತಿರ ಹೋಗಿ ಕರೆಯಬೇಕೆನ್ನಿಸಿತು. ಒಳಗೆ ಅವನು ಮೈಮೇಲೆ ನೀರು ಸುರಿದುಕೊಳ್ಳುತ್ತ ಯಾವುದೋ ರಾಗ ಗುನುಗುತ್ತಿದ್ದ, ಅರ್ಧ ತಪ್ಪು.

ಅವಳು ಜಡೆ ಮುಗಿಸಿ, ಚೀಲ ಹೆಗಲಿಗೇರಿಸಿ, "ಬರ್ತೀನಿ ರೀ" ಎಂದು ಕೂಗಿ ಹೇಳಿ, ಬಸ್ಸು ಹಿಡಿಯಲು ಹೊರಟಳು.